ಮೂರುದಾರಿ ಕೂಡುವಲ್ಲಿ ಒಡೆದ ಕುಂಬಳಕಾಯಿ

ಬಳ್ಳಾರಿಯಲ್ಲಿ ಅಮಾವಾಸ್ಯೆಯ ಮರುದಿನ ಬೆಳಗ್ಗೆ ಸ್ಕೂಟರ್ ಓಡಿಸುವವರು ಸಿಗ್ನಲ್ ನೋಡದಿದ್ದರೂ ನೆಲ ನೋಡಲೇಬೇಕು. ಅಂಗಡಿ ಅಂಗಡಿಯ ಮುಂದೆ ಒಡೆದ ಬೂದುಗುಂಬಳ, ಅದರೊಳಗಿಂದ ಹರಿದ ಕುಂಕುಮದ ನೀರು, ಗಾಲಿಗೆ ಸಿಕ್ಕಿ ಚಪ್ಪಟೆಯಾದ ನಿಂಬೆಹಣ್ಣು. ಸತ್ಯನಾರಾಯಣಪೇಟೆಯಿಂದ ಕಾಲೇಜಿಗೆ ಹೋಗುವಾಗ ಒಮ್ಮೆ ಅದರ ಮೇಲೆ ಜಾರಿ ಬಿದ್ದು ಮೊಣಕಾಲು ಕಿತ್ತುಕೊಂಡಿದ್ದೇನೆ. ಒಡೆದವರಿಗೆ ಬಾಯಿತುಂಬ ಬೈದೆನೇ ಹೊರತು ಹೆದರಲಿಲ್ಲ. ನಮ್ಮಲ್ಲಿ ಯಾರು ಹೆದರುತ್ತಾರೆ? ದನಗಳು ಬಂದು ತಿಂದಷ್ಟು ತಿನ್ನುತ್ತವೆ, ಉಳಿದದ್ದನ್ನು ಮುನಸಿಪಾಲ್ಟಿಯವರು ಗುಡಿಸುತ್ತಾರೆ. ಅಂಥ ಒಂದು ಕುಂಬಳಕಾಯಿಯಿಂದ ಒಬ್ಬ ಮುದುಕಿಯ ಮನೆಗೆ ಬೆಂಕಿ ಬೀಳಬಹುದು ಎಂಬುದು ನನಗೆ ತಿಳಿದದ್ದು ದಕ್ಷಿಣ ಆಫ್ರಿಕಾದ ಸಮುದ್ರದ ಬದಿಯ ಒಂದು ಸಣ್ಣ ಊರಿನಲ್ಲಿ.

ಆ ಊರಿನ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಅಲ್ಲಿಗೆ ಗಣಿತದವರು ಸಿಗುವುದು ಕಷ್ಟ, ಸಿಕ್ಕವರು ನಿಲ್ಲುವುದು ಇನ್ನೂ ಕಷ್ಟ. ಊರಿನವರು ಹೆಚ್ಚುಕಡಿಮೆ ಎಲ್ಲರೂ ಖೋಸಾ ಜನ. ಹೊರಗಿನವರೆಂದರೆ ನಾವು ಮತ್ತು ಕೆಲವು ಅಂಗಡಿಯವರು. ಒಂದು ಡಾಂಬರು ರಸ್ತೆ, ಅದರ ಎರಡೂ ಬದಿಗೆ ಅಂಗಡಿಗಳು. ಅವುಗಳಲ್ಲಿ ದಿನಸಿ ಮಾರುವವಕ್ಕಿಂತ ಶವಪೆಟ್ಟಿಗೆ ಮಾರುವವೇ ಹೆಚ್ಚೇನೋ ಎಂದು ಹೋದ ಹೊಸತರಲ್ಲಿ ಅನ್ನಿಸಿತ್ತು. ರಸ್ತೆ ಬಿಟ್ಟರೆ ಹುಲ್ಲಿನ ಗುಡ್ಡಗಳು, ಗುಡ್ಡದ ಮೇಲೆ ಅಲ್ಲಲ್ಲಿ ತಿಳಿಹಸಿರು ಬಣ್ಣ ಬಳಿದ ದುಂಡನೆಯ ಮನೆಗಳು. ಸಮುದ್ರ ಗುಡ್ಡದ ಆಚೆ ಇದೆ. ಅದು ಕಾಣುವುದಿಲ್ಲ, ಕೇಳುತ್ತದೆ. ಮಧ್ಯಾಹ್ನ ಕಳೆಯಿತೆಂದರೆ ಅಲ್ಲಿಂದ ಮಂಜು ಗುಡ್ಡ ಹತ್ತಿ ಬಂದು ಎದುರುಮನೆಯನ್ನೂ ನುಂಗಿಬಿಡುತ್ತದೆ. ಬಿಸಿಲಿನಲ್ಲಿ ಬೆಳೆದ ನನಗೆ ಆ ಮಂಜು ಮೊದಲಿನಿಂದಲೂ ಆಗಿಬಂದಿಲ್ಲ. ಎದುರಿಗೆ ಬರುವವರು ಯಾರೆಂದು ತಿಳಿಯುವಷ್ಟರಲ್ಲಿ ಅವರು ಮೈಮೇಲೆ ಬಂದೇ ಬಿಟ್ಟಿರುತ್ತಾರೆ.

ನನ್ನ ಗಂಡ ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯವರು, ಸೇತುವೆ ಕಟ್ಟುವ ಎಂಜಿನಿಯರು. ಅವರ ಕೆಲಸದ ಜಾಗ ನಮ್ಮೂರಿನಿಂದ ಅರ್ಧ ದಿನದ ದಾರಿ. ಬಿಡುವಾದ ಶನಿವಾರಗಳಲ್ಲಿ ಬರುತ್ತಾರೆ. ಮಗಳಿಗೆ ವರ್ಷ ತುಂಬುವ ಹೊತ್ತಿಗೆ ನಾನೊಬ್ಬಳೇ ಶಾಲೆ, ಕೂಸು, ಒಲೆ ಎಂದು ಹೈರಾಣಾಗಿದ್ದೆ. ಒಂದು ದಿನ ಫೋನಿನಲ್ಲಿ ಅವ್ವನ ಮುಂದೆ ಅತ್ತುಬಿಟ್ಟೆ. ಅಷ್ಟೇ ಸಾಕಾಯಿತು. ಕುರುಗೋಡು ಬಿಟ್ಟರೆ ಬಳ್ಳಾರಿ, ಬಳ್ಳಾರಿ ಬಿಟ್ಟರೆ ಶ್ರೀಶೈಲ ಎಂದು ಬದುಕಿದ್ದವಳು ಸಂಕ್ರಾಂತಿ ಮುಗಿಸಿಕೊಂಡು ಬಂದೇ ಬಿಟ್ಟಳು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಕರ್ಪೂರ, ಕುಂಕುಮ, ವಿಭೂತಿ ಗಟ್ಟಿ. ವಿಮಾನ ನಿಲ್ದಾಣದವರು ವಿಭೂತಿಯನ್ನು ಮೂಸಿ, ಮುರಿದು, ನಾಯಿಯ ಮೂಗಿಗೂ ಹಿಡಿದರಂತೆ. "ನಾಯಿ ಹಣಿಗಿ ಹಚ್ಚಿಬಿಡಬೇಕಂತ ಮಾಡಿದ್ನಿ" ಎಂದಳು.

ಮೊದಲ ಸಂಜೆಯೇ ಕಿಟಕಿಗೆ ಕಿವಿಗೊಟ್ಟು ನಿಂತಳು.

"ಅದೇನ ಸಪ್ಪಳ? ಇಲ್ಲೂ ಅಕ್ಕಿ ಮಿಲ್ಲು ಅದಾವೇನು?"

"ಸಮುದ್ರ ಅವ್ವಾ ಅದು."

"ದಿನಾ ಹಿಂಗ ಒದರತೈತೇನು?"

"ದಿನಾ."

"ಯಾಕೋ ಚಲೋ ಅನ್ಸವಲ್ದು" ಎಂದು ಕಿಟಕಿ ಹಾಕಿದಳು.

ಪಕ್ಕದ ದುಂಡುಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಗಂಡ ತೀರಿಹೋಗಿದ್ದ, ಮಕ್ಕಳು ದೂರದ ಗಣಿಗಳ ಕಡೆ. ನಾವೆಲ್ಲ ಆಕೆಯನ್ನು ಮಖುಲು ಎನ್ನುತ್ತಿದ್ದೆವು. ಖೋಸಾದಲ್ಲಿ ಅಜ್ಜಿ ಎಂದರ್ಥ. ಬಿಸಿಲಿಗೆ ಹೊರಗೆ ಹೋಗುವಾಗ ಮುಖಕ್ಕೆ ತಿಳಿಹಳದಿ ಮಣ್ಣು ಬಳಿದುಕೊಳ್ಳುತ್ತಿದ್ದಳು, ಅಲ್ಲಿನ ಹೆಂಗಸರ ರೂಢಿ ಅದು. ಅವ್ವನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮೊದಲ ಸಲ ಬೇಲಿಯ ಆಚೆ ಈಚೆ ನಿಂತಾಗ ಇಬ್ಬರೂ ಒಬ್ಬರ ಮುಖವನ್ನೊಬ್ಬರು ಬಹಳ ಹೊತ್ತು ನೋಡಿ, ತಮ್ಮ ಪೈಕಿಯವಳೇ ಎಂದು ತೀರ್ಮಾನಿಸಿದಂತೆ ನಕ್ಕರು. ಅವ್ವ ಕನ್ನಡದಲ್ಲಿ ಕರೆದಳು. ಮಖುಲುಗೆ ಅರ್ಥವಾಗಲಿಲ್ಲ. ತಕ್ಷಣ ತೆಲುಗಿಗೆ ಹೊರಳಿ "ರಾ ಅಮ್ಮಾ, ಕೂರ್ಚೋ" ಎಂದಳು. ಕನ್ನಡ ತಿಳಿಯದವರಿಗೆ ತೆಲುಗು ತಿಳಿಯಲೇಬೇಕು ಎಂಬುದು ನಮ್ಮ ಬಳ್ಳಾರಿ ಸೀಮೆಯವರ ನಂಬಿಕೆ. ಆಶ್ಚರ್ಯವೆಂದರೆ ಮಖುಲು ಬಂದು ಕೂತಳು.

ಆಮೇಲೆ ದಿನವೂ ಕೂತಳು. ನಾನು ಶಾಲೆಯಿಂದ ಬರುವ ಹೊತ್ತಿಗೆ ಇಬ್ಬರೂ ನಮ್ಮ ಮೆಟ್ಟಿಲ ಮೇಲೆ ಮೆಕ್ಕೆಜೋಳದ ಕಾಳು ಬಿಡಿಸುತ್ತ ತಮ್ಮ ತಮ್ಮ ಭಾಷೆಯಲ್ಲಿ ಸೊಸೆಯಂದಿರನ್ನು ಬೈಯುತ್ತಿದ್ದರು. ಸೊಸೆಯಂದಿರನ್ನೇ ಎಂದು ನನಗೆ ಧ್ವನಿಯಿಂದಲೇ ತಿಳಿಯುತ್ತಿತ್ತು. ಮಖುಲುವಿನ ಹಿತ್ತಲಲ್ಲಿ ಕುಂಬಳದ ಬಳ್ಳಿ ಹರಡಿತ್ತು. ಆ ಸೀಮೆಯ ಕುಂಬಳ ಚಪ್ಪಟೆಯಾಗಿ, ಬೂದಿ ಬಣ್ಣಕ್ಕಿರುತ್ತದೆ. ನಮ್ಮ ಬೀದಿಯಲ್ಲಿ ಅದನ್ನು ಬೆಳೆದವಳು ಆಕೆಯೊಬ್ಬಳೇ. ಎರಡು ಕಾಯಿ ತಂದು ಅವ್ವನ ಮುಂದಿಟ್ಟಳು. ಅವ್ವ ಅದರ ಮೈ ಸವರಿ, "ನಮ್ಮ ಬೂದುಗುಂಬಳದ ತಂಗಿ ಇದ್ದಂಗೈತಿ" ಎಂದು ಸಂಭ್ರಮಪಟ್ಟಳು.

ತೊಡಕಾದದ್ದು ನನ್ನ ಮಗಳ ವಿಷಯದಲ್ಲಿ. ಮಖುಲುಗೆ ಆ ಕೂಸನ್ನು ಕಂಡರೆ ಜೀವ. ತೊಡೆಯ ಮೇಲೆ ಮಲಗಿಸಿಕೊಂಡು ಕಣ್ಣು ಮಿಟುಕಿಸದೆ ನೋಡುವಳು. ಚೆಲುವೆ, ಚೆಲುವೆ ಎಂದು ತನ್ನ ಭಾಷೆಯಲ್ಲಿ ಹಾಡಿದಂತೆ ಹೇಳುವಳು. ಅವ್ವನಿಗೆ ಆ ಭಾಷೆಯಲ್ಲಿ ಅರ್ಥವಾದ ಮೊದಲ ಶಬ್ದ ಅದೇ. ಅರ್ಥವಾದ ದಿನದಿಂದ ಅವಳ ಮುಖ ಸಣ್ಣದಾಯಿತು. ಮಖುಲು ಬಂದರೆ ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟು ದೊಡ್ಡದಾಗಿ ಇಡುವಳು. ನಿದ್ದೆ ಬಂದಿದೆ ಎಂದು ಕೈಸನ್ನೆ ಮಾಡಿ ಒಳಗೆ ಎತ್ತಿಕೊಂಡು ಹೋಗುವಳು. ಅಷ್ಟರಲ್ಲಿ ಕೂಸಿಗೆ ಜ್ವರ ಬಂತು. ಹಾಲು ಕುಡಿಯಲಿಲ್ಲ. ಔಷಧ ಕೊಟ್ಟರೂ ಇಳಿದು ಇಳಿದು ಏರುತ್ತಿತ್ತು.

"ಆಕಿ ಕಣ್ಣು ತಾಕೈತಿ" ಎಂದಳು ಅವ್ವ.

"ಏನ್ ಹುಚ್ಚು ಮಾತವ್ವಾ! ಆಕಿ ಎಷ್ಟು ಪ್ರೀತಿ ಮಾಡ್ತಾಳ."

"ಪ್ರೀತಿ ಮಾಡ್ತಾಳ ಅಂತನ ಹೇಳಾಕತ್ತೀನಿ. ಬ್ಯಾಡಾದೋರು ಯಾಕ ಅಷ್ಟು ನೋಡ್ತಾರ? ಆಕಿ ಕೆಟ್ಟಾಕಿ ಅಲ್ಲ. ಕಣ್ಣು ಕೆಟ್ಟದ್ದೈತಿ."

ನನಗೆ ಸಿಟ್ಟು ಬೇಗ ಬರುತ್ತದೆ. ಓದಿದವರ ಮನೆಯಲ್ಲಿ ಇಂಥದ್ದೆಲ್ಲ ಬೇಡ ಎಂದು ರೇಗಿದೆ. ಅವ್ವ ಸುಮ್ಮನಾದಳು. ಅವ್ವ ಸುಮ್ಮನಾದಳೆಂದರೆ ಒಪ್ಪಿದಳೆಂದಲ್ಲ. ಇದು ನನಗೆ ಐದನೆಯ ವಯಸ್ಸಿನಿಂದ ಗೊತ್ತಿರಬೇಕಿತ್ತು.

ಶಿವರಾತ್ರಿಯ ಅಮಾವಾಸ್ಯೆ ಬಂತು. ಅವತ್ತು ಶಾಲೆಯಲ್ಲಿ ಹೆಚ್ಚಿನ ಕ್ಲಾಸು ಮುಗಿಸಿ ಮುಸ್ಸಂಜೆಗೆ ಬಂದೆ. ಅವ್ವ ಹೊರಗಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಳು. ಮಾತಾಡಿಸಿದರೆ ತುಟಿ ಬಿಚ್ಚಲಿಲ್ಲ, ಒಳಗೆ ಹೋಗಿ ದೇವರ ಮುಂದೆ ಕೂತಳು. ಮನೆಯಲ್ಲಿ ಕರ್ಪೂರದ ವಾಸನೆ ಇತ್ತು. ಅಡುಗೆಮನೆಯಲ್ಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿರಬೇಕು ಎಂದುಕೊಂಡೆ. ಕೂಸಿನ ಜ್ವರ ಬೆಳಗಾಗುವುದರೊಳಗೆ ಬಿಟ್ಟಿತ್ತು. ಅವ್ವ ಗೆದ್ದವಳ ಹಾಗೆ ರೊಟ್ಟಿ ಬಡಿದಳು.

ಮರುದಿನ ಮಧ್ಯಾಹ್ನ ಸಮುದ್ರದ ಕಡೆಯಿಂದ ಕರೀ ಮೋಡ ಎದ್ದು ಬಂತು. ಆ ಸೀಮೆಯ ಸಿಡಿಲು ನಮ್ಮ ಕಡೆಯ ಸಿಡಿಲಿನ ಹಾಗೆ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಕ್ಲಾಸಿನ ಕಿಟಕಿಗಳು ಬೆಳ್ಳಗಾದವು, ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು. ನಮ್ಮ ಬೀದಿ ಮುಗಿದು ಮೂರು ದಾರಿ ಕೂಡುವಲ್ಲಿಂದ ಸ್ವಲ್ಪ ಮೇಲಕ್ಕೆ ಒಂದು ಹುಲ್ಲಿನ ಮನೆಯ ಮೇಲೆ ಸಿಡಿಲು ಬಿದ್ದಿತ್ತು. ಒಳಗಿದ್ದ ಮನುಷ್ಯ ಸತ್ತುಹೋದ. ಹಿಂದಿನ ವಾರವಷ್ಟೇ ನಮ್ಮ ನಲ್ಲಿ ರಿಪೇರಿ ಮಾಡಿ, ಅವ್ವ ಕೊಟ್ಟ ಶೇಂಗಾ ಹೋಳಿಗೆ ತಿಂದು, ಇನ್ನೊಂದು ಕೊಡಿ ಎಂದು ಕೇಳಿ ಇಸಿದುಕೊಂಡು ಹೋಗಿದ್ದವನು. ನನಗೆ ಬಹಳ ಸಂಕಟವಾಯಿತು. ಅಂತ್ಯಕ್ರಿಯೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಬಂದೆ. ಅಲ್ಲಿ ಮಖುಲುವಿನ ಅಕ್ಕಪಕ್ಕ ಜಾಗ ಖಾಲಿ ಇತ್ತು. ಅದನ್ನು ನೋಡಿದೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಒಂದೊಂದೇ ಕಾಣತೊಡಗಿತು. ಊರಿನ ವ್ಯಾನಿನಲ್ಲಿ ಮಖುಲು ಕೂತರೆ ಪಕ್ಕದವರು ಇಳಿದು ಮುಂದಿನ ವ್ಯಾನಿಗೆ ಕಾಯುವರು. ಅಂಗಡಿಯ ಹುಡುಗಿ ಚಿಲ್ಲರೆಯನ್ನು ಆಕೆಯ ಕೈಗೆ ಕೊಡದೆ ಮೇಜಿನ ಮೇಲೆ ತಳ್ಳುವಳು. ಆಕೆಯ ನಾಯಿ ಒಂದು ಬೆಳಗ್ಗೆ ಬೇಲಿಯ ಬುಡದಲ್ಲಿ ಕಾಲು ಚಾಚಿ ಸತ್ತು ಬಿದ್ದಿತ್ತು. ಸಂಜೆ ಮಂಜು ಇಳಿದಾಗ ಎದುರಿನ ದಿಣ್ಣೆಯ ಮೇಲೆ ಕೆಲವು ಗಂಡಸರು ಬಂದು ನಿಲ್ಲುವರು. ಮಾತಿಲ್ಲ, ಗಲಾಟೆಯಿಲ್ಲ. ಆ ಮನೆಯನ್ನು ನೋಡುತ್ತ ನಿಂತು ಹೋಗುವರು, ಅಷ್ಟೇ. ಅವರಲ್ಲಿ ಒಬ್ಬ ಸತ್ತವನ ತಮ್ಮ ಎಂದು ಆಮೇಲೆ ಗೊತ್ತಾಯಿತು. ಒಂದು ದಿನ ಮುಂಜಾನೆ ಅವ್ವ ಹಿತ್ತಲಿನಿಂದ ಕೂಗಿದಳು. ಮಖುಲುವಿನ ಕುಂಬಳದ ಬಳ್ಳಿಯನ್ನು ಯಾರೋ ಬುಡದಲ್ಲಿ ಕೊಯ್ದು ಹಾಕಿದ್ದರು. ಎಲೆಗಳು ಇನ್ನೂ ಹಸಿರಾಗಿದ್ದವು.

"ಕಾಯಿ ಹಿಡಿದ ಬಳ್ಳಿ ಕೊಯ್ತಾರೇನಲೇ? ಕೈ ಹೆಂಗ ಬಂತು ಇವ್ರಿಗೆ?" ಎಂದು ಅವ್ವ ತನ್ನ ಮನೆಯದೇ ಹೋದಂತೆ ಅತ್ತಳು. ಮಖುಲು ಅಳಲಿಲ್ಲ. ಬಳ್ಳಿಯನ್ನು ಮಡಚಿ ಮಡಚಿ ಒಂದು ಮೂಲೆಗೆ ಒಟ್ಟಿದಳು.

ನನಗೆ ವಿಷಯ ತಿಳಿದದ್ದು ಶಾಲೆಯಲ್ಲಿ, ಚಹಾದ ಹೊತ್ತಿನಲ್ಲಿ. ನನ್ನ ಜೊತೆ ಖೋಸಾ ಭಾಷೆ ಕಲಿಸುವ ಗೆಳತಿಯೊಬ್ಬಳಿದ್ದಾಳೆ, ಆ ಊರಿನವಳೇ. ಬಾಗಿಲು ಮುಂದೆ ಮಾಡಿ ಬಂದು ಹೇಳಿದಳು: ನಿಮ್ಮ ಪಕ್ಕದ ಮನೆಯಾಕೆ ಮಾಟ ಮಾಡಿ ಸಿಡಿಲು ಕಳಿಸಿದಳೆಂದು ಊರೆಲ್ಲ ಮಾತಾಡುತ್ತಿದೆ. ಭಾನುವಾರ ಊರ ಹಿರಿಯನ ಅಂಗಳದಲ್ಲಿ ಸಭೆ ಕರೆದಿದ್ದಾರೆ. ಆದರೆ ಹುಡುಗರು ಭಾನುವಾರದವರೆಗೆ ತಡೆಯುತ್ತಾರೋ ಇಲ್ಲವೋ. ಹಿಂದೆ ಬೇರೆ ಊರಲ್ಲಿ ಇಂಥದೇ ಮಾತಿಗೆ ಒಬ್ಬ ಮುದುಕಿಯನ್ನು ಮನೆಯೊಳಗೇ ಕೂಡಿಹಾಕಿ ಬೆಂಕಿ ಇಟ್ಟಿದ್ದರು.

"ಆಕೆಯೇ ಮಾಡಿದಳು ಎನ್ನಲು ಏನಿದೆ?" ಎಂದು ನಾನು ಕೇಳಿದೆ, ಪ್ರಮೇಯ ಸಾಧಿಸುವವರ ಧಿಮಾಕಿನಲ್ಲಿ.

"ಕುಂಬಳಕಾಯಿ ಸಿಕ್ಕಿದೆ. ಮೂರು ದಾರಿ ಕೂಡುವಲ್ಲಿ, ಸಿಡಿಲು ಬಿದ್ದ ದಿನ ಬೆಳಗ್ಗೆ. ಒಳಗೆಲ್ಲ ರಕ್ತ ತುಂಬಿ ಒಡೆದಿದ್ದರು. ಅಂಥ ಕುಂಬಳ ಆ ಬೀದಿಯಲ್ಲಿ ಇನ್ಯಾರ ಹಿತ್ತಲಲ್ಲಿದೆ?"

ಉಳಿದ ಕ್ಲಾಸುಗಳಲ್ಲಿ ಏನು ಕಲಿಸಿದೆನೋ ಮಕ್ಕಳೇ ಹೇಳಬೇಕು. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೇಳಿದೆ.

"ಅವ್ವಾ, ಅಮಾಸಿ ದಿನ ಏನ್ ಮಾಡಿದಿ?"

ಅವ್ವ ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಮಾಡೋದನ್ನ ಮಾಡೀನಿ. ಜ್ವರ ಬಿಡ್ತೋ ಇಲ್ಲೋ?"

"ಕುಂಬಳಕಾಯಿ ಒಡದ್ಯಾ?"

"ಮತ್ತೇನು ತಲಿ ಒಡಕೋಬೇಕಿತ್ತಾ?"

ನಾನು ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಕೈ ನಿಂತಿತು. ಕುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಕೂಸಿಗೆ ಇಳಿದೆಗೆದು, ಮುಸ್ಸಂಜೆಯಲ್ಲಿ ಮೂರು ದಾರಿ ಕೂಡುವಲ್ಲಿ ಒಡೆದು ಬಂದಿದ್ದಳು. ಹಾಗೆ ಒಡೆದವರು ಹಿಂತಿರುಗಿ ನೋಡಬಾರದು, ಅವ್ವ ನೋಡಿರಲಿಲ್ಲ. ದಾರಿಯಲ್ಲಿ ಯಾರ ಹತ್ತಿರವೂ ಮಾತಾಡಬಾರದು, ಆಡಿರಲಿಲ್ಲ. ಹಾಗಾಗಿ ಒಡೆದದ್ದು ಅವಳೆಂದು ಆ ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ. ನಮ್ಮ ಶಾಸ್ತ್ರದಲ್ಲಿ ಒಂದು ತಪ್ಪೂ ಆಗಿರಲಿಲ್ಲ.

"ನಾಳೆನ ಹೋಗಿ ಹೇಳೋಣು ನಡಿ, ನೀನ ಒಡದದ್ದು ಅಂತ" ಎಂದೆ.

"ಹೇಳಬಾರ್ದವ್ವಾ. ಇಳಿದೆಗೆದದ್ದು ಬಾಯಿ ಬಿಟ್ಟು ಹೇಳಿದ್ರ ಅದು ಕೂಸಿಗಿ ವಾಪಸ್ ಬರತೈತಿ."

"ಅಲ್ಲಿ ಒಂದು ಜೀವ ಹೋಗತೈತವ್ವಾ!"

"ಇಲ್ಲಿ?" ಎಂದು ಕೂಸನ್ನು ಎದೆಗೆ ಒತ್ತಿಕೊಂಡಳು. ಅವಳು ನಾಟಕವಾಡುತ್ತಿರಲಿಲ್ಲ. ನಿಜವಾಗಿ ಹೆದರಿದ್ದಳು. ನನ್ನ ನಂತರ ಹುಟ್ಟಿದ ಎರಡು ಕೂಸುಗಳನ್ನು ಜ್ವರಕ್ಕೇ ಕಳೆದುಕೊಂಡವಳು ಅವಳು.

ಗಂಡನಿಗೆ ಫೋನು ಮಾಡಿದೆ. "ನೀನು ಅದರಾಗ ತಲಿ ಹಾಕಬ್ಯಾಡ. ನಾವು ಹೊರಗಿನೋರು. ಇವತ್ತು ಆಕಿ ಮನಿ ಸುಡೋರು ನಾಳೆ ನಮ್ಮನಿ ಸುಡಂಗಿಲ್ಲ ಅಂತ ಏನು ಗ್ಯಾರಂಟಿ? ಅತ್ತಿನ್ನ, ಕೂಸಿನ್ನ ಕರಕೊಂಡು ಇಲ್ಲಿಗೆ ಬಂದುಬಿಡು" ಎಂದರು. ಆ ಮಾತೂ ಸುಳ್ಳಲ್ಲ. "ವಿಚಾರ ಮಾಡ್ತೀನ್ರಿ" ಎಂದು ಇಟ್ಟೆ. ದಿಣ್ಣೆಯ ಮೇಲೆ ಅವತ್ತು ಎಂದಿಗಿಂತ ಹೆಚ್ಚು ಜನ ನಿಂತಿದ್ದರು.

ಶನಿವಾರ ಮುಂಜಾನೆ ಮಖುಲು ಬೇಲಿಯ ತಡಿಕೆ ಸರಿಸಿಕೊಂಡು ಬಂದಳು. ಬಗಲಲ್ಲಿ ಒಂದು ಕಂಬಳಿ. ಅದನ್ನು ನಮ್ಮ ಪಡಸಾಲೆಯಲ್ಲಿ ಇಟ್ಟು ಹೋದಳು. ಮತ್ತೆ ಬಂದಳು, ಕಾಲು ಕಟ್ಟಿದ ಕೋಳಿಗಳು. ಮತ್ತೆ ಬಂದಳು, ಕೈಯಿಂದ ತಿರುಗಿಸುವ ಹಳೆಯ ಹೊಲಿಗೆ ಮಿಷನ್ನು. ಅದರ ಭಾರಕ್ಕೆ ಆಕೆಯ ಕುತ್ತಿಗೆಯ ನರ ಉಬ್ಬಿದ್ದವು. ಇವುಗಳನ್ನು ಇಟ್ಟುಕೊಳ್ಳಿ ಎಂದು ಕೂಡ ಕೇಳಲಿಲ್ಲ. ಸಾಮಾನೆಲ್ಲ ನಮ್ಮಲ್ಲಿಟ್ಟು, ತಾನು ಬರಿಗೈಯಲ್ಲಿ ತನ್ನ ಮನೆಗೆ ಹೋಗಿ ಹೊಸ್ತಿಲ ಮೇಲೆ ಕೂತಳು.

ಅವ್ವ ಮಿಷನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದರ ಚಕ್ರವನ್ನು ಒಂದು ಸುತ್ತು ತಿರುವಿದಳು.

"ಮನಿ ಸುಡತೈತಿ ಅಂತ ಗೊತ್ತಾದೋರು ಹಿಂಗ ಸಾಮಾನು ಸಾಗಸ್ತಾರ" ಎಂದಳು. ಆಮೇಲೆ ಬಹಳ ಹೊತ್ತು ಕೂಸನ್ನು ನೋಡಿದಳು. "ನಾಳೆ ಎಷ್ಟೊತ್ತಿಗೆ ಐತಂದಿ ಸಭಾ?"

ಅವತ್ತಿಡೀ ದಿನ ಅವಳು ಹೊರಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮಖುಲುವಿನ ಮನೆಯತ್ತ ಮುಖ ಮಾಡಿ ಕೂತಿದ್ದಳು. ದಿಣ್ಣೆಯ ಮೇಲಿನವರು ಅವಳನ್ನೂ ನೋಡಿದರು.

ಭಾನುವಾರದ ಸಭೆ ಊರ ಹಿರಿಯನ ಅಂಗಳದಲ್ಲಿ, ದನದ ದೊಡ್ಡಿಯ ಪಕ್ಕ. ಗಂಡಸರು ಒಂದು ಬದಿಗೆ ಬೆಂಚುಗಳ ಮೇಲೆ, ಹೆಂಗಸರು ಇನ್ನೊಂದು ಬದಿಗೆ ಚಾಪೆಯ ಮೇಲೆ. ನಡುವೆ ಮಖುಲು ಒಬ್ಬಳೇ, ಮುಖಕ್ಕೆ ಮಣ್ಣು ಬಳಿದುಕೊಳ್ಳದೆ, ಕಾಲು ಚಾಚಿ ಕೂತಿದ್ದಳು. ಅವ್ವ ಇಳಕಲ್ ಸೀರೆ ಉಟ್ಟು, ದಪ್ಪಗೆ ವಿಭೂತಿ ಧರಿಸಿ, ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದು ಹೋಗಿ ಆಕೆಯ ಪಕ್ಕ ಕೂತುಬಿಟ್ಟಳು. ಅಂಗಳದ ತುಂಬ ಗುಜುಗುಜು ಎದ್ದಿತು. ನನ್ನ ಗೆಳತಿ ಹಿರಿಯನಿಗೆ ಏನೋ ಹೇಳಿದಳು. ಆತ ಕೋಲಿನಿಂದ ಅವ್ವನ ಕಡೆ ತೋರಿಸಿ, ಮಾತಾಡಲಿ ಎಂದ.

"ಕುಂಬಳಕಾಯಿ ನಾನು ಒಡದೀನ್ರಿ" ಎಂದಳು ಅವ್ವ. ನಾನು ಇಂಗ್ಲಿಷಿಗೆ ತಂದೆ, ಗೆಳತಿ ಖೋಸಾಕ್ಕೆ. "ಈಕಿ ನನಗ ತಿನ್ನಾಕ ಕೊಟ್ಟಿದ್ಲು. ನಾನು ಮೊಮ್ಮಗಳ ದೃಷ್ಟಿ ತಗದು ಒಡದೀನಿ. ಅದು ರಕ್ತ ಅಲ್ಲ, ಕುಂಕುಮ."

ಯಾರೂ ನಂಬಲಿಲ್ಲ. ಪಕ್ಕದ ಮನೆಯಾಕೆಯನ್ನು ಉಳಿಸಲು ಹೇಳುತ್ತಿದ್ದಾಳೆ ಎಂದರು. ಆಗ ಅವ್ವ ಚೀಲದಿಂದ ಉಳಿದಿದ್ದ ಇನ್ನೊಂದು ಕುಂಬಳ ತೆಗೆದಳು. ಎಲ್ಲರ ಎದುರು, ಹಾಡುಹಗಲಿನಲ್ಲಿ, ತೂತು ಕೊರೆದು ಕುಂಕುಮ ಸುರಿದು ನೀರು ಹಾಕಿದಳು. ಕರ್ಪೂರ ಹಚ್ಚಿದಳು. ಕೂಸಿನ ಮುಂದೆ ಇಳಿದೆಗೆದಳು. ಬಾಯಿಬಿಟ್ಟು ಹೇಳಿದರೇ ತಿರುಗಿ ಬರುತ್ತದೆ ಎಂದು ನಂಬಿದವಳು ಅಷ್ಟು ಜನರ ಮುಂದೆ ಮಾಡಿ ತೋರಿಸುತ್ತಿದ್ದಳು. ಎತ್ತಿ ಕುಕ್ಕಿದಳು. ಕೆಂಪು ನೀರು ಮುಂದಿನ ಸಾಲಿನವರ ಕಾಲಿಗೆ ಸಿಡಿಯಿತು, ಜನ ಬೆಂಚು ಉರುಳಿಸಿಕೊಂಡು ಹಿಂದಕ್ಕೆ ಹೋದರು.

ಸತ್ತವನ ತಮ್ಮ ಎದ್ದು ನಿಂತ. "ಹಾಗಾದರೆ ನನ್ನ ಅಣ್ಣನನ್ನು ಕೊಂದವಳು ಈಕೆ. ಅವತ್ತು ಬೆಳಗ್ಗೆ ಅವನು ಆ ಕುಂಬಳ ದಾಟಿಕೊಂಡೇ ಹೋದ."

ಅವನ ಮಾತನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಒಡೆದದ್ದನ್ನು ದಾಟಬಾರದು ಎಂದು ನಮ್ಮಲ್ಲೂ ಹೇಳುತ್ತಾರಲ್ಲ. ಬೆಂಚಿನ ಗಂಡಸರು ಒಬ್ಬೊಬ್ಬರೇ ಏಳತೊಡಗಿದರು. ಅಂಗಳಕ್ಕೆ ಇದ್ದದ್ದು ಒಂದೇ ಬಾಗಿಲು, ಅವರಿದ್ದದ್ದು ಆ ಬದಿಗೆ. ಅವ್ವ ಅವನನ್ನು ದಿಟ್ಟಿಸಿ ನೋಡಿದಳು.

"ಯಪ್ಪಾ, ನಿಮ್ಮಣ್ಣ ನನ್ನ ಕೈಲೆ ಹೋಳಿಗಿ ತಿಂದಾನ. ಅವ್ನಿಗೆ ನಾನ್ಯಾಕ ಕೆಟ್ಟದ್ದು ಬಯಸ್ಲಿ? ನಮ್ಮೂರಾಗ ಅಮಾಸಿಗೊಮ್ಮಿ ಬೀದಿ ತುಂಬ ಒಡೀತಾರ. ಬಸ್ಸು, ಲಾರಿ, ದನ, ಮಂದಿ ಎಲ್ಲಾ ದಾಟ್ಯಾಡತಾರ. ನನ್ನ ಮಗಳಂತೂ ಅದರ ಮ್ಯಾಲೆ ಗಾಡಿ ಹಾಕ್ಕೊಂಡು ಬಿದ್ದಾಳ. ತೋರಸಲೇ ಮೊಣಕಾಲು!"

ಅಷ್ಟು ಜನರ ಮುಂದೆ ನಾನು, ಹೈಸ್ಕೂಲಿನ ಗಣಿತದ ಟೀಚರು, ಪ್ಯಾಂಟು ಮೇಲೆಳೆದು ಮೊಣಕಾಲಿನ ಕಲೆ ತೋರಿಸಿದೆ. ಹೆಂಗಸರ ಚಾಪೆಯ ಕಡೆಯಿಂದ ಒಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು ಸೆರಗಿನಂತೆ ಕಂಬಳಿಯನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಚಾಪೆಯೆಲ್ಲ ನಕ್ಕಿತು. ಎದ್ದಿದ್ದ ಗಂಡಸರು ಏನು ಮಾಡಬೇಕೆಂದು ತಿಳಿಯದೆ ಕೂತರು. ಸತ್ತವನ ತಮ್ಮ ಮಾತ್ರ ಕೂರಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಉಗುಳಿ, ಹೊರಗೆ ಹೋದ. ಈಗಲೂ ದಾರಿಯಲ್ಲಿ ಸಿಕ್ಕರೆ ಅವನು ಹಾಗೇ ನೋಡುತ್ತಾನೆ. ಈಗಲೂ ನಾನು ಮಂಜು ಇಳಿಯುವುದರೊಳಗೆ ಮನೆ ಸೇರುತ್ತೇನೆ.

ಹಿರಿಯ ತೀರ್ಪು ಹೇಳಿದ. ಮಖುಲುವಿನ ಮೇಲೆ ಮಾತಿಲ್ಲ. ಆಕೆಯ ಮನೆಗೆ ಯಾರೂ ಕೈ ಹಚ್ಚಕೂಡದು. ಆದರೆ ಆ ದಾರಿಯನ್ನು ಈ ವಿದೇಶದ ಹೆಂಗಸೇ ಗುಡಿಸಿ, ಕಸವನ್ನು ಸಮುದ್ರಕ್ಕೆ ಹಾಕಿ ಬರಬೇಕು, ಇನ್ನು ಇಲ್ಲಿ ಇಂಥದ್ದು ಮಾಡಬಾರದು. ಅವ್ವ ಅವತ್ತೇ ಗುಡಿಸಿದಳು. ಒಣಗಿದ ಬೀಜಗಳನ್ನೂ ಬಿಡದೆ ಬಾಚಿ ಮೊರಕ್ಕೆ ತುಂಬಿ, ಗುಡ್ಡ ಹತ್ತಿ ಇಳಿದು ಹೋಗಿ ನೀರಿಗೆ ಎಸೆದಳು. ಅವಳು ಸಮುದ್ರವನ್ನು ಹತ್ತಿರದಿಂದ ನೋಡಿದ್ದು ಅದೊಂದೇ ಸಲ.

ಸಂಜೆ ಮಖುಲು ತನ್ನ ಸಾಮಾನು ಒಯ್ಯಲು ಬಂದಳು. ಅವ್ವ ಚಹಾ ಕೊಟ್ಟಳು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಕೂಸು ತಾನಾಗಿ ತೆವಳಿ ಹೋಗಿ ಮಖುಲುವಿನ ತೊಡೆ ಏರಿತು. ಆಕೆ ಅದರ ಬೆನ್ನು ಸವರುತ್ತ ನನ್ನನ್ನು ಏನೋ ಕೇಳಿದಳು. ಅರ್ಧ ಖೋಸಾ, ಅರ್ಧ ಇಂಗ್ಲಿಷು. ಕೂಸಿಗೆ ಕಣ್ಣು ಬಿದ್ದಿತ್ತು ಎಂದರಲ್ಲ, ಅದು ಯಾರ ಕಣ್ಣು?

ಹಾಗೇನಿಲ್ಲ, ಸುಮ್ಮನೆ ಒಂದು ರೂಢಿ ಎನ್ನಬಹುದಿತ್ತು. ಅಷ್ಟರಲ್ಲಿ ಮಖುಲು ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದಳು. ತನ್ನ ಕಣ್ಣಿನ ಹತ್ತಿರ ಬೆರಳು ತಂದು, ಆಮೇಲೆ ಅಂಗೈ ಬಿಚ್ಚಿ, ಯಾರದು ಎಂದು ಹುಬ್ಬು ಹಾರಿಸಿದಳು. ನಗುತ್ತಲೇ ಕೇಳಿದಳು. ಊರಿನ ಯಾವುದೋ ಹೊಟ್ಟೆಕಿಚ್ಚಿನವಳ ಸುದ್ದಿ ಸಿಗುತ್ತದೆ ಎಂದುಕೊಂಡಿರಬೇಕು.

ಅವ್ವನ ಕಣ್ಣು ತುಂಬಿತು. ಬೆಳಗ್ಗೆ ಅಷ್ಟು ಜನರ ಮುಂದೆ ನಿಜ ಹೇಳಿದವಳಿಗೆ ಸಂಜೆ ಸುಳ್ಳು ಹೇಳಲು ಬರಲಿಲ್ಲವೋ ಏನೋ. ಕೈ ಚಾಚಿ, ಮಖುಲುವಿನ ಕಣ್ಣಿನ ಕೆಳಗೆ ಮೆಲ್ಲಗೆ ಬೆರಳು ಮುಟ್ಟಿಸಿದಳು.

"ನಿಂದ ಯವ್ವಾ" ಎಂದಳು.

ಅದನ್ನು ಯಾರೂ ಖೋಸಾಕ್ಕೆ ಹೇಳಬೇಕಾಗಲಿಲ್ಲ. ದಿಣ್ಣೆಯ ಮೇಲಿನ ಗಂಡಸರು, ಅಂಗಡಿಯ ಹುಡುಗಿ, ವ್ಯಾನಿನಿಂದ ಇಳಿದು ಹೋದವರು, ಅವರೆಲ್ಲರಿಗಿಂತ ಮೊದಲು ಆಕೆಯ ಮೇಲೆ ಅದೇ ಮಾತು ಹೊರಿಸಿದವರು ನಾವು. ಮಖುಲುವಿನ ಮುಖದ ನಗು ತಕ್ಷಣ ಹೋಗಲಿಲ್ಲ. ಎಲ್ಲಿ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಆಕೆ ಕೂಸನ್ನು ಎತ್ತಿ ಅವ್ವನ ತೊಡೆಯ ಮೇಲೆ ಕೂರಿಸಿದಳು. ಮಿಷನ್ನು ಹೊತ್ತುಕೊಂಡು ಮನೆಗೆ ಹೋದಳು. ಅವ್ವ ಕೂತಲ್ಲೇ ಕೂತು ಅತ್ತಳು, ನಾನೂ ಅತ್ತೆ.

ಅವ್ವ ಕುರುಗೋಡಿಗೆ ಹಿಂತಿರುಗಿ ಬಹಳ ದಿನವಾಯಿತು. ಮಖುಲು ಈಗಲೂ ನಮ್ಮ ಪಕ್ಕದಲ್ಲೇ ಇದ್ದಾಳೆ. ಸೊಪ್ಪು ಬೆಳೆದರೆ ಕೊಡುತ್ತಾಳೆ, ನನಗೆ ನೆಗಡಿಯಾದರೆ ಕಷಾಯ ಕಾಸಿ ತರುತ್ತಾಳೆ. ನನ್ನ ಮಗಳು ಓಡಿಹೋಗಿ ಆಕೆಯ ಕಾಲು ತಬ್ಬಿಕೊಳ್ಳುತ್ತಾಳೆ. ಮಖುಲು ಅವಳ ತಲೆಯ ಮೇಲೆ ಕೈ ಇಡುತ್ತಾಳೆ, ಆದರೆ ಮುಖವನ್ನು ಗೋಡೆಯ ಕಡೆಗೋ ಬೇಲಿಯ ಕಡೆಗೋ ತಿರುಗಿಸಿಕೊಂಡಿರುತ್ತಾಳೆ. ಅವ್ವ ಪ್ರತಿ ಸಲ ಫೋನು ಮಾಡಿದಾಗಲೂ ಮೊದಲು ಕೇಳುವುದು ಒಂದೇ ಮಾತು.

"ಇವತ್ತಾದ್ರೂ ಆಕಿ ಕೂಸಿನ್ನ ನೋಡಿದ್ಲೇನು?"

"ಇಲ್ಲವ್ವಾ" ಎನ್ನುತ್ತೇನೆ.